ಮೂಡುಬಿದಿರೆ: ಸದ್ದಿಲ್ಲದ ಪಟ್ಟಣದ ಬದುಕು

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಮೂಡುಬಿದಿರೆ ದಕ್ಷಿಣ ಕನ್ನಡ ಜಿಲ್ಲೆಯ ಪುಟ್ಟ ಪಟ್ಟಣ. ಕಾರ್ಕಳ, ವೇಣೂರು, ಧರ್ಮಸ್ಥಳಗಳಿಗೆ ಹೊರಟ ಯಾತ್ರಿಕರು ಇಲ್ಲಿ ಒಂದೆರಡು ಗಂಟೆ ತಂಗಿ, ಸಾವಿರ ಕಂಬದ ಬಸದಿ ನೋಡಿ ಮುಂದೆ ಸಾಗುವುದು ವಾಡಿಕೆ. ಬಸ್ಸು ಹೊರಟ ಮೇಲೂ ಇಲ್ಲೇ ಉಳಿಯುವವರ ಬದುಕು ಹೇಗಿದೆ? ಮಹಾನಗರದ ಗದ್ದಲಕ್ಕೆ ಬೇಸತ್ತು ಸಣ್ಣ ಊರಿನ ಕನಸು ಕಾಣುವವರು ಅರಿಯಬೇಕಾದ ಸಂಗತಿಗಳು ಇಲ್ಲಿವೆ.

ಹಿನ್ನೆಲೆ

ಮೂಡಣ ದಿಕ್ಕಿನ ಬಿದಿರಿನ ನಾಡು ಎಂಬುದು ಊರಿನ ಹೆಸರಿನ ಅರ್ಥ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂದು ಸ್ಥಳೀಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸಾವಿರ ಕಂಬದ ಬಸದಿ ನಿರ್ಮಾಣವಾದದ್ದು 1430ರಲ್ಲಿ. 'ಭರತೇಶ ವೈಭವ'ದ ಕವಿ ರತ್ನಾಕರವರ್ಣಿ ಇಲ್ಲಿಯವನು. ಧವಳಾ, ಜಯಧವಳಾ, ಮಹಾಧವಳಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಈ ಊರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದೆ. ಚೌಟ ಅರಸರ ಅರಮನೆಯ ಕೆತ್ತನೆಯ ಮರದ ಕಂಬಗಳೂ ಉಳಿದಿವೆ.

ದಿನನಿತ್ಯ

ಪೇಟೆಯ ಮಾತು ಹೆಚ್ಚಾಗಿ ತುಳು. ಜೊತೆಗೆ ಕೊಂಕಣಿ, ಬ್ಯಾರಿ, ಕನ್ನಡ. ಜೈನಪೇಟೆಯಿಂದ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ದಾರಿಯಲ್ಲಿ ಸಿಕ್ಕವರು 'ದಾನೆ ವಿಶೇಷ?' ಎಂದು ವಿಚಾರಿಸದೆ ಮುಂದೆ ಹೋಗುವುದಿಲ್ಲ. ಈ ಆತ್ಮೀಯತೆ ಕಷ್ಟಕಾಲದಲ್ಲಿ ಆಸರೆ. ಗುಟ್ಟು ಕಾಯಬೇಕೆನ್ನುವವರಿಗೆ ತುಸು ತೊಡಕು. ಮಳೆಗಾಲದಲ್ಲಿ ಹೊರಗಿನ ಕೆಲಸಗಳೆಲ್ಲ ಮಳೆಯ ಬಿಡುವು ನೋಡಿಯೇ ಸಾಗುತ್ತವೆ.

ಶಾಲೆ ಬಿಟ್ಟಾಗ

ಈ ಊರು ಮೌನಿಯಲ್ಲ. ಡಾ. ಎಂ. ಮೋಹನ ಆಳ್ವ ಅವರು ಸ್ಥಾಪಿಸಿದ ಆಳ್ವಾಸ್ ಶಿಕ್ಷಣ ಸಂಸ್ಥೆಗಳಿಂದಾಗಿ ರಾಜ್ಯದ ಮೂಲೆಮೂಲೆಗಳ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಅಖಿಲ ಭಾರತ 71ನೇ ಕನ್ನಡ ಸಾಹಿತ್ಯ ಸಮ್ಮೇಳನ ಡಾ. ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ 2003ರಲ್ಲಿ ನಡೆದದ್ದು ಇಲ್ಲೇ. ಆಳ್ವಾಸ್ ವಿರಾಸತ್, ಕಡಲಕೆರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳ ಬಂದಾಗ ಊರು ಜನಸಾಗರ. ರಜೆ ಶುರುವಾಯಿತೆಂದರೆ ಹೋಟೆಲು, ಅಂಗಡಿ, ಆಟೋ ನಿಲ್ದಾಣಗಳಲ್ಲಿ ವ್ಯಾಪಾರ ಇಳಿಯುತ್ತದೆ. ಅಂದರೆ, ಇಲ್ಲಿ ನಿಶ್ಶಬ್ದ ಹೆಚ್ಚಿದಷ್ಟೂ ಅಂಗಡಿಯವರ ಚಿಂತೆ ಹೆಚ್ಚು.

ನೆಮ್ಮದಿಯ ಬೆಲೆ

ಪಟ್ಟಣಕ್ಕೆ ರೈಲು ಇಲ್ಲ. ಗಂಭೀರ ಕಾಯಿಲೆಯಾದರೆ ಮಂಗಳೂರಿನ ದೊಡ್ಡ ಆಸ್ಪತ್ರೆಗಳೇ ಗತಿ. ಆಗ 35 ಕಿ.ಮೀ. ಹಾದಿ ಬಹಳ ದೀರ್ಘವೆನಿಸುತ್ತದೆ. ದೂರದ ಊರುಗಳ ಮಕ್ಕಳು ಓದಲು ಇಲ್ಲಿಗೆ ಬಂದರೆ, ಇಲ್ಲಿಯ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮುಂಬೈ, ಕೊಲ್ಲಿ ರಾಷ್ಟ್ರಗಳತ್ತ ಹೊರಡುತ್ತಾರೆ. ಹಿರಿಯರಷ್ಟೇ ಉಳಿದ ಹೆಂಚಿನ ಮನೆಗಳಲ್ಲಿ ಸಂಜೆಯ ಫೋನ್ ಕರೆಯೇ ದಿನದ ದೊಡ್ಡ ಸಮಾಚಾರ.

ಬದಲಾವಣೆಯೂ ಬಾಗಿಲಿಗೆ ಬಂದಿದೆ. 2018ರಲ್ಲಿ ಮೂಡುಬಿದಿರೆ ಮಂಗಳೂರಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ರಾಷ್ಟ್ರೀಯ ಹೆದ್ದಾರಿ 169ರ ಬಿಕರ್ನಕಟ್ಟೆ-ಸಾಣೂರು ನಡುವಿನ 45 ಕಿ.ಮೀ. ಮಾರ್ಗವನ್ನು ಚತುಷ್ಪಥಗೊಳಿಸುವ ಕಾಮಗಾರಿಗೆ ಕೃಷಿಕರು ಭೂಮಿ ಬಿಟ್ಟುಕೊಡಬೇಕಾಯಿತು. ಪರಿಹಾರದ ಮೊತ್ತ ವಿವಾದಕ್ಕೂ ಎಡೆಮಾಡಿತು. ಆಸ್ಪತ್ರೆಗೆ ಬೇಗ ತಲುಪಿಸುವ ರಸ್ತೆಯೇ ಕೆಲವರ ಅಡಿಕೆ ತೋಟವನ್ನೂ ಕೇಳಿದೆ.

ಇಲ್ಲಿ ಮನೆ ಮಾಡಬಯಸುವವರಿಗೆ ಒಂದು ಕಿವಿಮಾತು: ಪ್ರವಾಸಿಗರಾಗಿ ಅಲ್ಲ, ಜಡಿಮಳೆಯ ಜುಲೈಯಲ್ಲೊಮ್ಮೆ, ಕಾಲೇಜಿಗೆ ರಜೆ ಇರುವಾಗೊಮ್ಮೆ ಬಂದು ವಾರವಿದ್ದು ನೋಡಿ. ಆಗಲೂ ಊರು ಹಿಡಿಸಿದರೆ ನಿಶ್ಚಿಂತೆಯಿಂದ ನೆಲೆಸಬಹುದು.