ಎಳೆಯರ ಹೃದಯತಡೆಯೂ ಪೇಸ್‌ಮೇಕರಿನ ಉಗಮವೂ

‘ಹಾರ್ಟ್ ಬ್ಲಾಕ್’ ಎಂದೊಡನೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿತೆಂದು ಭಾವಿಸುವುದು ಜನರ ರೂಢಿ. ನಾವಿಲ್ಲಿ ಹೇಳಹೊರಟಿರುವ ತಡೆ ಅದಲ್ಲ. ಹೃತ್ಕರ್ಣಗಳಿಂದ ಹೃತ್ಕುಕ್ಷಿಗಳಿಗೆ ಇಳಿಯಬೇಕಾದ ವಿದ್ಯುತ್ ಪ್ರೇರಣೆ ನಡುದಾರಿಯಲ್ಲಿ ನಿಂತುಹೋಗುವುದು. ಆಗ ಕುಕ್ಷಿಗಳು ತಮ್ಮದೇ ಮಂದಗತಿಯಲ್ಲಿ ಮಿಡಿಯುತ್ತವೆ. ಕೆಲವೊಮ್ಮೆ ಮಿಡಿಯುವುದನ್ನೇ ಬಿಡುತ್ತವೆ. ಇದನ್ನು ವೃದ್ಧರ ವ್ಯಾಧಿಯೆಂದು ಎಣಿಸುವುದುಂಟಾದರೂ, ಪೇಸ್‌ಮೇಕರಿನ ಚರಿತ್ರೆಗೆ ತಿರುವು ಕೊಟ್ಟವರು ಮಕ್ಕಳು.

1954ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ವಾಲ್ಟನ್ ಲಿಲಹೈ ಮತ್ತು ಸಂಗಡಿಗರು ಮಕ್ಕಳ ಹೃದಯವನ್ನು ತೆರೆದು, ಕುಕ್ಷಿಗಳ ನಡುಗೋಡೆಯಲ್ಲಿನ ಹುಟ್ಟುರಂಧ್ರವನ್ನು ಹೊಲಿದು ಮುಚ್ಚತೊಡಗಿದರು. 1893ರಲ್ಲಿ ವಿಲ್ಹೆಲ್ಮ್ ಹಿಸ್ ವರ್ಣಿಸಿದ ವಾಹಕ ತಂತುಗಳ ಕಟ್ಟು ಬಹುಮಟ್ಟಿಗೆ ಆ ರಂಧ್ರದ ಅಂಚಿನಲ್ಲೇ ಹಾಯುತ್ತದೆ. ಬರಿಗಣ್ಣಿಗೆ ಅದು ಕಾಣುವಂಥದಲ್ಲ. ಹೊಲಿಗೆ ತಗುಲಿದರೆ ಪೂರ್ಣತಡೆ. ರಂಧ್ರ ಮುಚ್ಚಿತು, ಮಗು ಉಳಿಯಲಿಲ್ಲ. ಹೀಗಾದುದು ಒಂದೆರಡು ಬಾರಿಯಲ್ಲ. ಇಲ್ಲಿ ರೋಗಕ್ಕೆ ಚಿಕಿತ್ಸೆಯೇ ಕಾರಣವಾಗಿತ್ತೆಂಬುದನ್ನು ಮರೆಮಾಚುವಂತಿಲ್ಲ.

ಬಾಸ್ಟನ್ನಿನ ಪಾಲ್ ಜೋಲ್ 1952ರಲ್ಲಿಯೇ ಎದೆಯ ಮೇಲಿಂದ ವಿದ್ಯುತ್ ಹಾಯಿಸುವ ಸಾಧನವನ್ನು ಬಳಕೆಗೆ ತಂದಿದ್ದರು. ಆದರೆ ಅದು ಚರ್ಮವನ್ನು ಸುಡುತ್ತಿತ್ತು. ಎಳೆಯ ಮಕ್ಕಳು ದಿನಗಟ್ಟಲೆ ಸಹಿಸುವುದೆಂತು? 1957ರ ಜನವರಿಯಲ್ಲಿ ಲಿಲಹೈ ತಂಡ ಹೃದಯಸ್ನಾಯುವಿಗೇ ಸಣ್ಣ ತಂತಿಯೊಂದನ್ನು ನೆಟ್ಟಿತು. ಅಲ್ಪ ವಿದ್ಯುತ್ತೇ ಸಾಕಾಯಿತು. ಆದರೆ ಯಂತ್ರಕ್ಕೆ ಗೋಡೆಯ ವಿದ್ಯುತ್ತೇ ಆಧಾರ; ತಂತಿಯ ಉದ್ದವೇ ಮಗುವಿನ ಓಡಾಟದ ಎಲ್ಲೆ. ಆ ವರ್ಷದ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ನಿಂತಾಗ ಈ ಅವಲಂಬನೆಯ ಅಪಾಯ ಬಯಲಾಯಿತು. ಲಿಲಹೈ ಅವರ ಕೋರಿಕೆಯಂತೆ ಅರ್ಲ್ ಬ್ಯಾಕನ್ ಎಂಬ ಇಂಜಿನಿಯರು, ಸಂಗೀತಾಭ್ಯಾಸದ ತಾಳಯಂತ್ರವೊಂದರ ವಿದ್ಯುನ್ಮಂಡಲವನ್ನು ಮಾರ್ಪಡಿಸಿ, ಟ್ರಾನ್ಸಿಸ್ಟರು ಮತ್ತು ಬ್ಯಾಟರಿಯ ಪುಟ್ಟ ಪೆಟ್ಟಿಗೆಯೊಂದನ್ನು ಕೆಲವೇ ವಾರಗಳಲ್ಲಿ ಮಾಡಿಕೊಟ್ಟರು. ನಾಯಿಯ ಮೇಲೆ ಪರೀಕ್ಷಿಸಿದ ಮರುದಿನವೇ ಅದು ಮಗುವಿಗೆ ಜೋಡಿಸಲ್ಪಟ್ಟಿದ್ದುದನ್ನು ತಾವು ಕಂಡುದಾಗಿ ಬ್ಯಾಕನ್ ಸ್ಮರಿಸಿದ್ದಾರೆ. ಇಂದಿನ ನಿಯಮಗಳ ಕಣ್ಣಿಗೆ ಈ ಆತುರ ಅಕ್ಷಮ್ಯವೆನಿಸೀತು. ನಮಗೆ ಹಾಗೆ ತೋರುವುದಿಲ್ಲ. ಕಾಯುವಷ್ಟು ಕಾಲ ಆ ಮಗುವಿಗಿರಲಿಲ್ಲ.

ಗಾಯ ಮಾಗಿ ತಡೆ ತೆರವಾಗುವವರೆಗೆ ಈ ಪೆಟ್ಟಿಗೆ ಸಾಕು. ಸಂಧಿವಾತಜ್ವರ, ಗಂಟಲಮಾರಿಗಳಲ್ಲಿ ತಲೆದೋರುವ ತಡೆಯೂ ಹಲವೊಮ್ಮೆ ತಾತ್ಕಾಲಿಕವೇ. ಆಜನ್ಮತಡೆಯ ಮಾತು ಬೇರೆ. ತಾಯಿಯ ರಕ್ತದಲ್ಲಿನ ‘ಆಂಟಿ-ರೋ’ ಪ್ರತಿಕಾಯಗಳು ಭ್ರೂಣದ ವಾಹಕಮಾರ್ಗವನ್ನು ಕೆಡಿಸಬಲ್ಲವೆಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ತಾಯಿಗೆ ರೋಗಲಕ್ಷಣವೇ ಇಲ್ಲದಿರಬಹುದು. ಈ ಪೂರ್ಣತಡೆ ಮಾಯುವುದಿಲ್ಲ. 1958ರಲ್ಲಿ ಸ್ವೀಡನ್ನಿನ ಸೆನಿಂಗ್ ಮತ್ತು ಎಲ್ಮ್‌ಕ್ವಿಸ್ಟ್ ಮೊದಲ ಬಾರಿಗೆ ದೇಹದೊಳಗೇ ಇರಿಸಿದ ಯಂತ್ರ ಕೆಲವೇ ಗಂಟೆ ನಡೆಯಿತು. ಈಗಿನವು ವರ್ಷಗಟ್ಟಲೆ ನಡೆದರೂ ಶಿಶುವಿನ ಆಯುಷ್ಯಕ್ಕೆ ಒಂದೇ ಯಂತ್ರ ಸಾಲದು. ಆದುದರಿಂದ ವೈದ್ಯರು ಬೆಳೆಯುವ ಮೈಯನ್ನು ನೆನೆದು ತಂತಿಯನ್ನು ಸುರುಳಿ ಸುತ್ತಿ, ಸಡಿಲ ಬಿಟ್ಟು, ಹೊಲಿಗೆ ಹಾಕುತ್ತಾರೆ.