ತಮ್ಮ ಜೋಳವನ್ನುಂಡು ಕಾದಿದವರು

(ಬಾನುಲಿ ಭಾಷಣ)

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಿರಾಟನ ಅರಮನೆಯಲ್ಲಿ ಹೆಂಗಳೆಯರ ನಡುವೆ ಕೊಚ್ಚಿಕೊಂಡು, ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದ ರಾಜಕುಮಾರನನ್ನು ನೆನೆದು ನಾವು ಇಂದಿಗೂ ನಗುತ್ತೇವೆ. ಪಳಗದ ಕೈಯಲ್ಲಿ ಆಯುಧ ಹಿಡಿಯಹೊರಟವನನ್ನು ಕಂಡು ಲೋಕ ನಗುವ ನಗೆ ಇದು. ಆದರೆ ಅದೇ ಗೋಗ್ರಹಣದ ಪ್ರಸಂಗದಲ್ಲಿ ಹಗೆಯ ಮೊದಲ ಪೆಟ್ಟು ಬಿದ್ದುದು ಯಾರ ಮೇಲೆ? ದನಗಳನ್ನು ಕಾಯುತ್ತಿದ್ದ ಗೋವಳರ ಮೇಲೆ. ಅವರನ್ನು ಕುರಿತು ಗಾದೆಯೂ ಹುಟ್ಟಲಿಲ್ಲ, ಹೊಗಳಿಕೆಯೂ ಹುಟ್ಟಲಿಲ್ಲ.

ಸೈನಿಕ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಬೇರೆ ಕಸುಬಿಲ್ಲದೆ, ಪಾಳೆಯದಲ್ಲಿಯೇ ಬಾಳುವ, ಅರಸನ ಅಥವಾ ಸರ್ಕಾರದ ಅನ್ನದ ಮೇಲೆ ನಿಂತ ಯೋಧನ ಚಿತ್ರ. ಅವನ ಪಕ್ಕದಲ್ಲಿ ಇನ್ನೊಬ್ಬನು ಎಲ್ಲ ಕಾಲದಲ್ಲಿಯೂ ಇದ್ದಾನೆ. ವರ್ಷದ ಬಹುಭಾಗ ಅವನು ಬೇಸಾಯಗಾರ, ವ್ಯಾಪಾರಿ, ಗುಮಾಸ್ತ. ಕರೆ ಬಂದಾಗ ಸೈನಿಕ. ಇಂದು ನಾವು ಅವನನ್ನು ಪ್ರಾದೇಶಿಕ ಸೇನೆಯವನು, ಟೆರಿಟೋರಿಯಲ್ ಎನ್ನುತ್ತೇವೆ. ಪೂರ್ಣಾವಧಿಯ ಸೈನಿಕನ ಎದುರಿಗೆ ಇವನಿಗೆ ಯಾವ ಸ್ಥಾನ ದೊರೆಯಿತು, ಆ ಸ್ಥಾನ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಈಗ ವಿಚಾರ ಮಾಡೋಣ.

ಈ ಪ್ರಶ್ನೆಯನ್ನು ಭಾವುಕತೆಯಿಲ್ಲದೆ ಎತ್ತಿಕೊಂಡವನು ಕೌಟಿಲ್ಯ. ಅವನ ಅರ್ಥಶಾಸ್ತ್ರದಲ್ಲಿ ಬಲ ಆರು ಬಗೆ: ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ. ವಂಶಪರಂಪರೆಯಾಗಿ ಅರಸನನ್ನು ನೆಚ್ಚಿ ಬಂದುದು ಮೌಲ, ಸಂಬಳ ತಿನ್ನುವುದು ಭೃತ, ಮೂರನೆಯದು ಶ್ರೇಣೀಬಲ. ಇದೇ ಗ್ರಂಥದ ಬೇರೊಂದು ಕಡೆ ಕಾಂಭೋಜ, ಸುರಾಷ್ಟ್ರ ಮೊದಲಾದ ನಾಡುಗಳ ಕ್ಷತ್ರಿಯ ಶ್ರೇಣಿಗಳನ್ನು ವಾರ್ತಾಶಸ್ತ್ರೋಪಜೀವಿಗಳು ಎಂದು ಕರೆದಿದೆ. ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ಅದರಿಂದಲೂ ಆಯುಧದಿಂದಲೂ ಬದುಕುವವರು ಇವರು. ನಾವು ಮಾತನಾಡುತ್ತಿರುವ ಅರೆಗಾಲದ ಯೋಧರೇ ಸರಿ. ಭೃತಬಲ ಇವರಿಗಿಂತ ಮೇಲೆಂದು ಕೌಟಿಲ್ಯ ಹೇಳುವುದಕ್ಕೆ ಕಾರಣಗಳು ಮೂರು: ಅದು ಯಾವಾಗಲೂ ಹತ್ತಿರದಲ್ಲಿರುತ್ತದೆ, ಬೇಗ ಎದ್ದು ನಿಲ್ಲುತ್ತದೆ, ಹೇಳಿದಂತೆ ಕೇಳುತ್ತದೆ. ಆದರೆ ಮಿತ್ರನ ಸೇನೆಗಿಂತ ಶ್ರೇಣಿಯೇ ಮೇಲೆಂದೂ ಅವನು ಹೇಳುತ್ತಾನೆ. ಏಕೆಂದರೆ ಅದು ಈ ನಾಡಿನದೇ. ಅರಸನ ಸೋಲುಗೆಲವು ಅದರ ಸೋಲುಗೆಲವೂ ಹೌದು.

ಎರಡು ಸಾವಿರ ವರ್ಷಗಳ ಬಳಿಕವೂ ಸೇನಾಪತಿಗಳು ಇದಕ್ಕೆ ಹೆಚ್ಚಿನ ಆಕ್ಷೇಪವನ್ನು ಹೊಸದಾಗಿ ಕಂಡುಹಿಡಿದಿಲ್ಲ. ಈ ಆಕ್ಷೇಪದಲ್ಲಿ ಸತ್ಯವಿದೆ, ಒಪ್ಪಬೇಕು. ದಿನವೂ ಕವಾಯತು ಮಾಡಿದವನ ಕೈಗೂ, ವರ್ಷಕ್ಕೊಮ್ಮೆ ಬಂದೂಕು ಹಿಡಿದವನ ಕೈಗೂ ವ್ಯತ್ಯಾಸ ಇದ್ದೇ ಇದೆ. ಆದರೆ ಕೌಟಿಲ್ಯ ತೂಗಿದುದು ಉಪಯೋಗವನ್ನು, ಗೌರವವನ್ನಲ್ಲ. ಮುಂದಿನವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ತೊಡಕು ಹುಟ್ಟಿದ್ದು ಅಲ್ಲಿ.

ನಮ್ಮ ನಾಡಿಗೆ ಬರೋಣ. ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಜೋಳದಪಾಳಿ ಎಂಬ ಮಾತು ಬರುತ್ತದೆ. ಒಡೆಯನು ಇಕ್ಕಿದ ಜೋಳವನ್ನು ಉಂಡವನು ಆ ಋಣವನ್ನು ಪ್ರಾಣ ಕೊಟ್ಟು ತೀರಿಸಬೇಕು ಎಂಬುದು ಅದರ ಅರ್ಥ. ವೇಳೆವಾಳಿ, ಲೆಂಕ, ಗರುಡ ಮುಂತಾದ ಮಾತುಗಳೆಲ್ಲ ಇದೇ ನಿಷ್ಠೆಯ ಬೇರೆಬೇರೆ ಮುಖಗಳು. ಪೂರ್ಣಾವಧಿಯ ಯೋಧನ ಧರ್ಮ ಇದು; ಇದನ್ನು ನಮ್ಮ ಕವಿಗಳು ಮನಸಾರೆ ಹಾಡಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನವನ್ನೇ ನೋಡಬಹುದು. ಚೋಳರ ಮೇಲಿನ ತಕ್ಕೋಲದ ಕಾಳಗದಲ್ಲಿ, ಎಂದರೆ 949ರಲ್ಲಿ, ಮೆರೆದ ಮಣಲೇರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಿದ. ಮಣಲೇರ ಕೇಳಿದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ಗಂಗರ ಬೂತುಗನು ಮಣಲೇರನಿಗೆ ಬಾಳ್ಗಚ್ಚಾಗಿ ಊರುಗಳನ್ನೇ ಕೊಟ್ಟ. ಅರಸನ ಕಣ್ಣಮುಂದೆ ಕಾದಿದವನ ಭಾಗ್ಯ ಅದು.

ಇದಕ್ಕೆ ಪಕ್ಕದಲ್ಲಿ ನಮ್ಮ ಹಳ್ಳಿಗಳ ಕೆರೆಯೇರಿಯ ಮೇಲೋ, ಹೊಲದ ಬದುವಿನಲ್ಲೋ ನಿಂತಿರುವ ಸಾಮಾನ್ಯ ವೀರಗಲ್ಲುಗಳನ್ನು ಇಟ್ಟು ನೋಡಬೇಕು. ಅವುಗಳಲ್ಲಿ ಹೆಚ್ಚಿನವು ದೊಡ್ಡ ಯುದ್ಧಗಳವಲ್ಲ. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಇವುಗಳಲ್ಲಿ ಮಡಿದವರವು. ಹಗೆಯ ದಂಡು ಊರಿನ ದನಗಳನ್ನು ಹೊಡೆದುಕೊಂಡು ಹೊರಟಾಗ ರಾಜಧಾನಿಯಿಂದ ಸೈನ್ಯ ಬರುವವರೆಗೆ ಕಾಯುವಂತಿರಲಿಲ್ಲ. ಆ ಗಳಿಗೆಗೆ ಕತ್ತಿಯೋ ಬಿಲ್ಲೋ ಹಿಡಿದು ಅಡ್ಡನಿಂತವನು ಊರ ಗೌಡ, ಅವನ ಮಗ, ಇಲ್ಲವೆ ಒಬ್ಬ ಒಕ್ಕಲು. ದನಗಳನ್ನು ಮರಳಿಸಿ ತಾನು ಸತ್ತನೆಂಬ ಒಂದೆರಡು ಸಾಲು, ಕೆಳಗೆ ಕಾಳಗದ ಚಿತ್ರ, ನಡುವೆ ಅವನನ್ನೆತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ಇಷ್ಟೆ ಅವನ ಚರಿತ್ರೆ. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಒಂದು ತುಂಡು ಭೂಮಿ ದೊರೆತರೆ ದೊರೆಯಿತು. ಇವನು ಉಂಡುದು ಯಾರ ಜೋಳ? ತಾನೇ ಬೆಳೆದುದು. ತೀರಿಸಬೇಕಾದ ಋಣ ಯಾವ ಒಡೆಯನಿಗೂ ಇರಲಿಲ್ಲ. ಕವಿಯ ಕಾವ್ಯದಲ್ಲಿ ಇವನಿಗೆ ಎಡೆ ಸಿಕ್ಕುವುದು ಅಪರೂಪ; ಆದರೆ ಊರು ಅವನನ್ನು ಕಲ್ಲಿನಲ್ಲಿ ನಿಲ್ಲಿಸಿ ಹೂವೇರಿಸಿತು. ಅರೆಗಾಲದ ಯೋಧನಿಗೆ ನಮ್ಮ ನಾಡು ಸಲ್ಲಿಸಿದ ಅತ್ಯಂತ ದೊಡ್ಡ ಗೌರವ ಇದೇ ಎಂದು ನಾನು ಭಾವಿಸಿದ್ದೇನೆ.

ಅನಂತರದ ಕಾಲದಲ್ಲಿ ಇಂಥವನನ್ನು ರಾಜ್ಯವೇ ತನ್ನ ವ್ಯವಸ್ಥೆಯೊಳಕ್ಕೆ ತಂದುಕೊಂಡಿತು. ಮೈಸೂರು ಸೀಮೆಯಲ್ಲಿ ಇದಕ್ಕೆ ಕಂದಾಚಾರವೆಂದು ಹೆಸರು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಇದಕ್ಕೊಂದು ಕ್ರಮ ಬಂದಿತೆನ್ನುತ್ತಾರೆ. ಕಂದಾಚಾರದ ಆಳು ಹಳ್ಳಿಯ ಬೇಸಾಯಗಾರ. ಅವನಿಗೆ ಸಿಕ್ಕುತ್ತಿದ್ದುದು ಸ್ವಲ್ಪ ಹಣ, ಸ್ವಲ್ಪ ಭೂಮಿಯ ಅನುಕೂಲ. ಊರಿನ ಕಾವಲು, ಕೋಟೆಯ ಪಹರೆ, ಖಜಾನೆಯ ಹಣಕ್ಕೆ ಬೆಂಗಾವಲು ಅವನ ಕೆಲಸ. ಯುದ್ಧ ಬಂದರೆ ಯುದ್ಧ. ಹೈದರಾಲಿ, ಟೀಪು ಇವರ ಕಾಲದಲ್ಲಿ ಯುರೋಪಿನ ಮಾದರಿಯಲ್ಲಿ ಪಳಗಿದ ಕಾಲಾಳುಗಳ ಪಡೆಗಳು ಬಂದವು. ಇತಿಹಾಸ ಬರೆದವರ ಗಮನವೆಲ್ಲ ಅತ್ತ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಪಡೆಗಳು ಚದುರಿದವು. ನಾಡಿನ ರಕ್ಷಣೆಯ ಹೊಣೆ ಕಂಪನಿಯ ಸೈನ್ಯಕ್ಕೆ ಹೋಯಿತು. ಅದಕ್ಕಾಗಿ ಮೈಸೂರು ವರ್ಷವರ್ಷವೂ 7 ಲಕ್ಷ ವರಹ ಕೊಡಬೇಕಾಯಿತು. ಅಷ್ಟಾದರೂ ದಿವಾನ್ ಪೂರ್ಣಯ್ಯನವರು ಕಂದಾಚಾರವನ್ನು ಕೈಬಿಡಲಿಲ್ಲ. ಆಯುಧ ಹಿಡಿದು ಅಭ್ಯಾಸವಾದ ಮನೆತನಗಳನ್ನು ಬೇಸಾಯದಲ್ಲಿಯೂ ಸರ್ಕಾರದ ನಂಟಿನಲ್ಲಿಯೂ ನಿಲ್ಲಿಸಿಕೊಂಡರೆ ನಾಡು ಶಾಂತವಾಗಿರುತ್ತದೆಂಬ ಮುಂದಾಲೋಚನೆ ಅದರಲ್ಲಿತ್ತು.

ಇಲ್ಲಿ ಲೆಕ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಂಪನಿಯ ಸೈನ್ಯಕ್ಕೆ ಕೊಟ್ಟ 7 ಲಕ್ಷ ವರಹ ಕೌಲಿನಲ್ಲಿಯೂ ಕಡತದಲ್ಲಿಯೂ ಎದ್ದು ಕಾಣುತ್ತದೆ. ಕಂದಾಚಾರದವನನ್ನು ವರ್ಷದ ಬಹುಭಾಗ ಸಾಕಿದುದು ಅವನ ಹೊಲ, ಅವನು ಪಹರೆಯಲ್ಲಿದ್ದಾಗ ಆ ಹೊಲವನ್ನು ನೋಡಿಕೊಂಡ ಅವನ ಹೆಂಡತಿ ಮಕ್ಕಳು. ಆ ವೆಚ್ಚ ಯಾವ ಕಡತದಲ್ಲಿಯೂ ಇಲ್ಲ. ಖರ್ಚು ಕಾಣದ ಕಡೆ ಉಪಕಾರವೂ ಕಾಣುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ಪೋಲೀಸು ಪದ್ಧತಿ ಬಂದಂತೆ ಕಂದಾಚಾರ ಕರಗಿಹೋಯಿತು. ಭಾಷೆಯಲ್ಲಿ ಅದರ ಗತಿ ಏನಾಯಿತೆಂಬುದು ನಮಗೆಲ್ಲ ಗೊತ್ತು. ಕಂದಾಚಾರವೆಂದರೆ ಇಂದು ಅರ್ಥವಿಲ್ಲದ ಮೂಢ ಆಚರಣೆ. ದಂಡು ಎಂಬ ಹಳೆಯ ಅರ್ಥ ನಿಘಂಟಿನಲ್ಲಿ ಮಾತ್ರ ಉಳಿದಿದೆ. ಪ್ಯಾದೆ ಎಂದರೆ ಮೂಲದಲ್ಲಿ ಕಾಲಾಳು. ಪ್ಯೂನ್ ಎಂಬ ಪರದೇಶದ ಮಾತಿಗೂ ಹಿಂದೆ ಅದೇ ಅರ್ಥ. ಎರಡೂ ಕಚೇರಿಯ ಬಾಗಿಲಿನಲ್ಲಿ ಕಾಗದ ಹಿಡಿದು ನಿಂತವನ ಹೆಸರಾದವು. ಶಬ್ದಗಳ ಈ ಇಳಿಕೆಯಲ್ಲಿ ಮನುಷ್ಯರ ಇಳಿಕೆಯೂ ಅಡಗಿದೆ.

ಎಲ್ಲ ಕಡೆಯೂ ಹೀಗೇ ಆಯಿತೆನ್ನುವಂತಿಲ್ಲ. ಪಕ್ಕದ ಕೊಡಗಿನಲ್ಲಿ ಬೇಸಾಯಗಾರನೂ ಯೋಧನೂ ಒಬ್ಬನೇ ಆಗಿದ್ದ. ಅವನಿಗೆ ಮೇಲೆನಿಸುವ ಬೇರೊಂದು ಸೈನಿಕವರ್ಗ ಪ್ರಬಲವಾಗಲಿಲ್ಲ. ಜಮ್ಮಾ ಭೂಮಿಯನ್ನು ಉಳುವವನು ಹಾಲೇರಿ ಅರಸರ ಕರೆಗೆ ಕೋವಿ ಹಿಡಿದು ಬರಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ಅವನ ಕಂದಾಯ ಸಾಗು ಭೂಮಿಯ ಕಂದಾಯದ ಅರ್ಧ. ಕೈಲ್‌ಪೊಳ್ದ್ ಹಬ್ಬದಲ್ಲಿ ಈ ಬಾಳಿನ ಚಿತ್ರ ಇಂದಿಗೂ ಕಾಣುತ್ತದೆ. ನಾಟಿಯ ದಿನಗಳಲ್ಲಿ ಮನೆಯೊಳಗೆ ಇಟ್ಟಿದ್ದ ಆಯುಧಗಳನ್ನು ನಾಟಿ ಮುಗಿದ ಬಳಿಕ ಹೊರತೆಗೆದು ಪೂಜಿಸುವ ಹಬ್ಬವದು. 1861ರಲ್ಲಿ ದೊರೆತ ಆಯುಧ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈಗಲೂ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು. ಇಬ್ಬರೂ ಒಬ್ಬನೇ ಆದಲ್ಲಿ ತಿರಸ್ಕಾರಕ್ಕೆ ಜಾಗವೆಲ್ಲಿ?

ಇನ್ನು ನಮ್ಮ ಈಗಿನ ಪ್ರಾದೇಶಿಕ ಸೇನೆಗೆ ಮಾದರಿಯಾದ ಇಂಗ್ಲೆಂಡಿನ ಕಥೆ. ಅಲ್ಲಿ ಯುದ್ಧಮಂತ್ರಿ ಹಾಲ್ಡೇನ್ ರೂಪಿಸಿದ ಟೆರಿಟೋರಿಯಲ್ ಪಡೆ 1908ರಲ್ಲಿ ಹುಟ್ಟಿತು. ಗುಮಾಸ್ತರು, ಅಂಗಡಿಯವರು, ಕಾರ್ಮಿಕರು ಬಿಡುವಿನಲ್ಲಿ ಕವಾಯತು ಕಲಿತರು. ಜನ ಅವರನ್ನು ಶನಿವಾರ ರಾತ್ರಿಯ ಸೈನಿಕರೆಂದು ಹಾಸ್ಯ ಮಾಡಿದರು. 1914ರಲ್ಲಿ ಮಹಾಯುದ್ಧ ಬಂದಾಗ ಯುದ್ಧಮಂತ್ರಿಯಾದ ಕಿಚನರ್ ಈ ಪಡೆಯನ್ನು ನಂಬದೆ, ಅದನ್ನು ಬದಿಗಿಟ್ಟು ಹೊಸ ಸೈನ್ಯಗಳನ್ನೇ ಕಟ್ಟಹೊರಟ. ತರುಣನಾಗಿದ್ದಾಗ 1870–71ರ ಯುದ್ಧದಲ್ಲಿ ಫ್ರಾನ್ಸಿನ ಅರೆಪಳಗಿದ ದಂಡು ಸೋತುದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಹೊಸ ಸೈನ್ಯ ಸಿದ್ಧವಾಗುವವರೆಗೆ ಹಗೆ ಕಾಯಲಿಲ್ಲ. ಅಕ್ಟೋಬರ್ 31ರಂದು ಮೆಸೀನ್ಸ್ ಎಂಬಲ್ಲಿ ಲಂಡನ್ ಸ್ಕಾಟಿಷ್ ಎಂಬ ಟೆರಿಟೋರಿಯಲ್ ದಳ ಕಾಳಗಕ್ಕೆ ಇಳಿಯಿತು. ವರ್ಷ ಮುಗಿಯುವಷ್ಟರಲ್ಲಿ ಅಂಥ ಇಪ್ಪತ್ತಕ್ಕೂ ಹೆಚ್ಚು ಕಾಲಾಳು ದಳಗಳು ಫ್ರಾನ್ಸಿನ ರಣರಂಗದಲ್ಲಿದ್ದವು. ಖಾಯಂ ಸೈನ್ಯ ಸವೆದುಹೋಗಿದ್ದ ಆ ಚಳಿಗಾಲದಲ್ಲಿ ಬಿರುಕನ್ನು ತುಂಬಿದವರಲ್ಲಿ ಈ ಶನಿವಾರದ ಸೈನಿಕರೂ ಇದ್ದರು.

ಆ ಮಾದರಿ 1920ರಲ್ಲಿ ಭಾರತಕ್ಕೆ ಬಂದಿತು, ಆದರೆ ಎರಡಾಗಿ ಸೀಳಿಕೊಂಡು. ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಆಕ್ಸಿಲಿಯರಿ ಪಡೆ. ಭಾರತೀಯರಿಗೆ ಟೆರಿಟೋರಿಯಲ್ ಪಡೆ. ಅರೆಗಾಲದವನೆಂಬ ಕೀಳುಗಣಿಕೆಯ ಮೇಲೆ ಬಣ್ಣದ ಕೀಳುಗಣಿಕೆಯೂ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ ಈ ಭೇದ ಅಳಿಯಿತು. 1948ರ ಕಾಯಿದೆಯಂತೆ ಪ್ರಾದೇಶಿಕ ಸೇನೆ ರೂಪುಗೊಂಡು, 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಉದ್ಘಾಟನೆಯಾಯಿತು. ಸೈನ್ಯದ ಹೊರಗೆ ಒಂದು ಜೀವನೋಪಾಯವಿದ್ದವರನ್ನು ವರ್ಷಕ್ಕೆ ಅಲ್ಪಕಾಲ ಪಳಗಿಸಿ, ಬೇಕಾದಾಗ ಕರೆಯುವುದು ಇದರ ಮೂಲ ತತ್ತ್ವ. ಕರೆಗೆ ಓಗೊಟ್ಟವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವ ಹೊಣೆಯನ್ನು ಅವನ ಮಾಲೀಕನ ಮೇಲೆ ಕಾಯಿದೆ ಹೊರಿಸಿದೆ. 1962, 1965, 1971ರ ಯುದ್ಧಗಳಲ್ಲಿ ಇವರ ಸೇವೆ ಸಂದಿತು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ, 32 ಪ್ರಾದೇಶಿಕ ಕಾಲಾಳು ದಳಗಳಲ್ಲಿ 14ನ್ನು ಸೇವೆಗೆ ಕರೆಯಲು ಸರ್ಕಾರ ಅಪ್ಪಣೆ ಕೊಟ್ಟಿತು.

ಇಷ್ಟಾದರೂ ಈ ಸೇನೆ ಜನರ ಕಣ್ಣಿಗೆ ಬೀಳುವುದು ಬೇರೆ ಕಾರಣಕ್ಕೆ. 2011ರಲ್ಲಿ ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಸಂದಿತು. ಅವರು ಸೇರಿದುದು 106ನೆಯ ಪ್ಯಾರಾ ದಳ. ಆ ದಳದ ನೆಲೆ ನಮ್ಮ ಬೆಂಗಳೂರೇ ಎಂಬುದು ಎಷ್ಟು ಬೆಂಗಳೂರಿಗರಿಗೆ ಗೊತ್ತು? ಅತಿಥಿಯ ಹೆಸರು ಮನೆಮಾತಾಯಿತು. ಮನೆಯವರ ಹೆಸರು ಯಾರಿಗೂ ತಿಳಿಯಲಿಲ್ಲ.

ಗೌರವದ ಮಾತು ಕೊನೆಗೆ ಅನ್ನದ ಮಾತಾಗಿ ನಿಲ್ಲುತ್ತದೆ. ಪ್ರಾದೇಶಿಕ ಸೇನೆಯ ಪರಿಸರ ದಳದಲ್ಲಿದ್ದ ಒಬ್ಬ ಸೈನಿಕ ರಜೆಯಲ್ಲಿದ್ದಾಗ ಅಪಘಾತದಲ್ಲಿ ಕಾಲು ಕಳೆದುಕೊಂಡ. ಅದಕ್ಕೆ ಮುಂಚೆ ಅನೇಕ ವರ್ಷ ಖಾಯಂ ಸೈನ್ಯದಲ್ಲಿಯೇ ದುಡಿದವನು ಅವನು. ಆದರೂ ಅಂಗವೈಕಲ್ಯದ ಪಿಂಚಣಿ ಕೇಳಿದಾಗ ಅವನಿಗೆ ಅದು ಸಲ್ಲದೆಂಬ ಉತ್ತರ ಬಂದಿತು. ಹಿಂದೆ ರುಜು ಮಾಡಿಸಿಕೊಂಡಿದ್ದ ಮುಚ್ಚಳಿಕೆಯನ್ನೂ ಮುಂದಿಟ್ಟರು. 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಅದೇ ಮನುಷ್ಯ, ಅದೇ ಮೈ. ಖಾಯಂ ಪಟ್ಟಿಯಲ್ಲಿದ್ದರೆ ಒಂದು ಬೆಲೆ, ಇನ್ನೊಂದು ಪಟ್ಟಿಯಲ್ಲಿದ್ದರೆ ಬೇರೊಂದು ಬೆಲೆ ಎಂಬ ನಿಲುವನ್ನು ನ್ಯಾಯಾಲಯ ಒಪ್ಪಲಿಲ್ಲ. ಈ ಒಂದು ಮಾತಿಗಾಗಿ ಕಾಲಿಲ್ಲದವನು ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಪೂರ್ಣಾವಧಿಯ ಸೈನಿಕನ ಹಿರಿಮೆಯನ್ನು ತಗ್ಗಿಸುವುದು ನನ್ನ ಉದ್ದೇಶವಲ್ಲ. ಅವನ ಕೌಶಲ ದೊಡ್ಡದು, ತ್ಯಾಗ ದೊಡ್ಡದು; ಮೊದಲ ಸಾಲಿನಲ್ಲಿ ಅವನೇ ನಿಲ್ಲಬೇಕು. ಕೌಟಿಲ್ಯನ ಕ್ರಮವನ್ನು ಅದಲು ಬದಲು ಮಾಡಬೇಕಾಗಿಲ್ಲ. ಆದರೆ ಎರಡನೆಯ ಸಾಲಿನವನು ಎರಡನೆಯ ದರ್ಜೆಯ ಮನುಷ್ಯನಲ್ಲ. ಅವನು ಬಿಟ್ಟು ಬಂದುದು ಒಂದು ಅಂಗಡಿ, ಒಂದು ಕಚೇರಿಯ ಮೇಜು, ಅರ್ಧ ಉತ್ತ ಒಂದು ಹೊಲ. ಅವನು ಇಲ್ಲದ ದಿನಗಳ ನಷ್ಟವನ್ನು ಅವನ ಮನೆ ಹೊತ್ತಿರುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗೌರವ ಸಲ್ಲಿಸುವ ಬಗೆ ನಮ್ಮ ಹಳ್ಳಿಗಳಿಗೆ ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಕಲ್ಲು ನಿಲ್ಲಿಸುವ ಮುಂಚೆ ಅವು ಸತ್ತವನ ಕಸುಬು ಯಾವುದೆಂದು ಕೇಳಲಿಲ್ಲ.