ಕಣ್ಣಿನ ಕಿಟಕಿಯಲ್ಲಿ ಮಿದುಳಿನ ಒತ್ತಡ

ಮಗುವಿಗೆ ಶಾಲೆಯ ಹಲಗೆಯ ಮೇಲಿನ ಅಕ್ಷರ ಕಾಣದಾದರೆ ನಾವು ಮೊದಲು ನೆನೆಯುವುದು ಕನ್ನಡಕವನ್ನು. ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ ಎಂದರೆ ಪಿತ್ತವೆಂದು ಕಷಾಯ ಕುಡಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಮನೆಯ ಹಿರಿಯರು ದೃಷ್ಟಿ ತೆಗೆಯುತ್ತಾರೆ. ಸಾಮಾನ್ಯವಾಗಿ ಇದರಿಂದ ಕೇಡೇನೂ ಆಗದು. ಆದರೆ ಅಪರೂಪಕ್ಕೊಮ್ಮೆ ಮಂಜು ದೃಷ್ಟಿ, ತಲೆನೋವು ಎರಡಕ್ಕೂ ಮೂಲ ಒಂದೇ ಆಗಿರುತ್ತದೆ: ತಲೆಬುರುಡೆಯೊಳಗೆ ಏರಿದ ಒತ್ತಡ. ವೈದ್ಯರು ಇದನ್ನು ಕಂಡುಕೊಂಡ ಚರಿತ್ರೆ ಸ್ವಾರಸ್ಯವಾದದ್ದು. ಅದರಲ್ಲಿ ನಾವು ನೆಲೆಸಿರುವ ಆಂಧ್ರದ ನೆಲಕ್ಕೂ ಒಂದು ಪಾಲಿದೆ.

1783ರಲ್ಲಿ ಎಡಿನ್‌ಬರೊದ ಅಲೆಕ್ಸಾಂಡರ್ ಮನ್ರೋ ಎಂಬ ವೈದ್ಯನು, ತಲೆಬುರುಡೆ ಒಂದು ಮುಚ್ಚಿದ ಪೆಟ್ಟಿಗೆಯಂತೆ, ಅದರೊಳಗೆ ಹೆಚ್ಚಿನದಕ್ಕೆ ಎಡೆಯಿಲ್ಲ ಎಂದು ತೋರಿಸಿದನು. ಮಿದುಳಿನ ಸುತ್ತಲೂ ಒಳಗೂ ತಿಳಿಯಾದ ಒಂದು ದ್ರವವಿದೆ. ದೊಡ್ಡವರಲ್ಲಿ ಅದು ದಿನಕ್ಕೆ ಸುಮಾರು ಅರ್ಧ ಲೀಟರಿನಷ್ಟು ಹುಟ್ಟಿ ಅಷ್ಟೇ ರಕ್ತಕ್ಕೆ ಇಂಗಿಹೋಗುತ್ತದೆ. ಅದರ ದಾರಿ ಕಟ್ಟಿದರೆ, ಅಥವಾ ಗಡ್ಡೆಯೊಂದು ಬೆಳೆದರೆ, ಒತ್ತಡ ಏರುತ್ತದೆ. ಹಸುಗೂಸಿನಲ್ಲಿ ಬುರುಡೆಯ ಎಲುಬುಗಳು ಇನ್ನೂ ಕೂಡಿರುವುದಿಲ್ಲವಾದ್ದರಿಂದ ತಲೆಯೇ ದೊಡ್ಡದಾಗುತ್ತದೆ. ಬೆಳೆದ ಮಗುವಿನಲ್ಲಿ ಹಾಗೆ ಹಿಗ್ಗಲು ಅವಕಾಶವಿಲ್ಲ. ಆಗ ಒತ್ತಡವು ದೃಷ್ಟಿನರದ ಹೊದಿಕೆಯುದ್ದಕ್ಕೂ ಹರಿದು ಕಣ್ಣಿನ ಹಿಂಬದಿಯನ್ನು ಮುಟ್ಟುತ್ತದೆ. ನರದ ತುದಿ ಊದಿಕೊಳ್ಳುತ್ತದೆ.

ಆ ಊತವನ್ನು ನೋಡುವ ಬಗೆ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣೊಳಗೆ ಬೆಳಕು ಹಾಯಿಸಿ ಅಕ್ಷಿಪಟಲವನ್ನು ನೋಡುವ ಉಪಕರಣವನ್ನು ಪ್ರಕಟಿಸಿದನು. ಹತ್ತು ವರ್ಷ ತುಂಬುವ ಮೊದಲೇ, 1860ರಲ್ಲಿ, ಬರ್ಲಿನ್ನಿನ ನೇತ್ರವೈದ್ಯ ಫಾನ್ ಗ್ರೇಫೆ ಮಿದುಳಿನ ಗಡ್ಡೆಯಿದ್ದ ರೋಗಿಗಳಲ್ಲಿ ದೃಷ್ಟಿನರದ ಊತವನ್ನು ವರ್ಣಿಸಿದನು. ತಲೆಯನ್ನು ತೆರೆಯದೆ ಒಳಗಿನ ಒತ್ತಡವನ್ನು ಅರಿಯಲು ಒಂದು ಕಿಟಕಿ ಸಿಕ್ಕಿತು. 1891ರಲ್ಲಿ ಕ್ವಿಂಕೆ ಎಂಬ ವೈದ್ಯನು ಬೆನ್ನಿಗೆ ಸೂಜಿ ಚುಚ್ಚಿ ಆ ದ್ರವವನ್ನು ತೆಗೆಯುವ ವಿಧಾನವನ್ನು ಮುಂದಿಟ್ಟನು.

ದ್ರವವನ್ನು ಕೊಳವೆಯ ಮೂಲಕ ಶಾಶ್ವತವಾಗಿ ಬೇರೆಡೆಗೆ ಹರಿಸುವ ಕೆಲಸದಲ್ಲಿ ಇಬ್ಬರು ತಂದೆಯರ ಹೆಸರು ನಿಲ್ಲುತ್ತದೆ. ಅಮೆರಿಕದ ಜಾನ್ ಹೋಲ್ಟರ್ ಯಂತ್ರಗಾರನಾಗಿದ್ದವನು. ತಲೆಯಲ್ಲಿ ನೀರು ತುಂಬಿದ್ದ ಮಗನಿಗಾಗಿ 1956ರ ಹೊತ್ತಿಗೆ ಸಿಲಿಕೋನಿನ ಕವಾಟವೊಂದನ್ನು ಮಾಡಿದನು. ಮಕ್ಕಳ ಕಥೆಗಾರ ರೋಆಲ್ಡ್ ಡಾಲ್‌ನ ಕೂಸಿಗೆ 1960ರಲ್ಲಿ ನ್ಯೂಯಾರ್ಕಿನಲ್ಲಿ ವಾಹನ ಬಡಿದು ತಲೆಗೆ ಪೆಟ್ಟಾಯಿತು. ಇಟ್ಟ ಕೊಳವೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಹಾಗೆ ಕಟ್ಟಿದಾಗ ಮಗುವಿನ ದೃಷ್ಟಿಯೂ ಹೋಗುತ್ತಿತ್ತು. ಡಾಲ್, ವಿಮಾನದ ಮಾದರಿಗಳಿಗೆ ಎಂಜಿನ್ ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್, ಶಸ್ತ್ರವೈದ್ಯ ಕೆನೆತ್ ಟಿಲ್ ಮೂವರೂ ಸೇರಿ 1962ರ ವೇಳೆಗೆ ಹೊಸ ಕವಾಟ ರೂಪಿಸಿದರು. ಅಷ್ಟರಲ್ಲಿ ಆ ಮಗುವಿಗೆ ಅದರ ಅಗತ್ಯವೇ ತೀರಿತ್ತು. ಪ್ರಯೋಜನವಾದದ್ದು ಬೇರೆಯವರ ಸಾವಿರಾರು ಮಕ್ಕಳಿಗೆ.

ನಮ್ಮ ದೇಶದ ಮಕ್ಕಳಿಗೆ ಈ ಒತ್ತಡ ತಂದ ದೊಡ್ಡ ಶತ್ರುಗಳಲ್ಲಿ ಒಂದು ಕ್ಷಯ. ಮಿದುಳಿನ ಪೊರೆಗೆ ಅದು ತಗಲಿದರೆ ದ್ರವದ ದಾರಿ ಕಟ್ಟುತ್ತದೆ. ಜೀವ ಉಳಿದರೂ ಕಣ್ಣು ಹೋದ ಮಕ್ಕಳಿದ್ದಾರೆ. ಇದರ ವಿರುದ್ಧ ಎಳೆಯ ಮಕ್ಕಳಿಗೆ ರಕ್ಷಣೆ ಕೊಡುವ ಬಿ.ಸಿ.ಜಿ. ಲಸಿಕೆಯನ್ನು ಭಾರತದಲ್ಲಿ 1948ರಲ್ಲಿ ಮೊದಲಾಗಿ ಹಾಕಿದ ಸ್ಥಳಗಳಲ್ಲಿ ಮದನಪಲ್ಲಿ ಒಂದು. ನಮ್ಮ ಕೋಲಾರದ ಗಡಿಗೆ ಹತ್ತಿರದ ಊರು ಅದು. ಮರುವರ್ಷ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗ ತೆರೆದರು. 1950ರ ದಶಕದ ನಡುವೆ ವಿಶಾಖಪಟ್ಟಣದ ಆಂಧ್ರ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಸ್. ಬಾಲಪರಮೇಶ್ವರ ರಾವ್ ಇದೇ ಕೆಲಸ ಆರಂಭಿಸಿದರು. ಸಿ.ಟಿ. ಯಂತ್ರ ಆಗ ಹುಟ್ಟಿಯೇ ಇರಲಿಲ್ಲ. ರೋಗಿಯ ಮೇಲೆ ಅದರ ಮೊದಲ ಪ್ರಯೋಗ ಲಂಡನ್ನಿನಲ್ಲಿ ನಡೆದದ್ದು 1971ರಲ್ಲಿ. ಅಲ್ಲಿಯವರೆಗೆ ಕಣ್ಣಿನ ಪರೀಕ್ಷೆಯೇ ವೈದ್ಯರ ಮುಖ್ಯ ಆಧಾರಗಳಲ್ಲೊಂದಾಗಿತ್ತು. ಮುಂದೆ ದೆಹಲಿಯ ಡಾ. ಉಪಾಧ್ಯಾಯ ಅವರು ಕಡಿಮೆ ಬೆಲೆಯ ಕವಾಟವೊಂದನ್ನು ನಮ್ಮಲ್ಲೇ ರೂಪಿಸಿದರು.

1987ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ 2006ರಲ್ಲಿ ವಿಶಾಖಪಟ್ಟಣಕ್ಕೂ 2011ರಲ್ಲಿ ವಿಜಯವಾಡಕ್ಕೂ ಬಂತು. ಮಿದುಳಿನ ಮಾತಿಗೆ ನೇತ್ರ ಸಂಸ್ಥೆಯೇಕೆ ಎನ್ನಬಹುದು. ಕಣ್ಣು ಮಂಜಾದ ಮಗುವನ್ನು ನಾವು ಮೊದಲು ಒಯ್ಯುವುದು ಕಣ್ಣಿನ ವೈದ್ಯರ ಬಳಿಗೇ ಅಲ್ಲವೇ? ಹನಿ ಹಾಕಿ, ಪಾಪೆ ಅಗಲಿಸಿ ಒಳಗೆ ನೋಡಿದರೆ ಊತ ಅಲ್ಲಿಯೇ ಕಾಣಬಹುದು.

ಪರಸ್ಥಳದಲ್ಲಿರುವ ನಮಗೆ ಇಲ್ಲೊಂದು ತೊಡಕಿದೆ. ನಮ್ಮ ಹರಕು ತೆಲುಗಿನಲ್ಲಿ ‘ತಲನೊಪ್ಪಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಯಾವ ಹೊತ್ತಿನಲ್ಲಿ, ಎಷ್ಟು ದಿನದಿಂದ, ವಾಂತಿಯ ಜೊತೆಗೋ ಎಂಬುದು ಹೊರಗೆ ಬರುವುದೇ ಇಲ್ಲ. ಬೆಳಗಿನ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು, ಕ್ಷಣಕಾಲ ಕಣ್ಣು ಕತ್ತಲಿಡುವುದು, ಕೂಸಿನ ತಲೆ ಬೇಗಬೇಗ ದೊಡ್ಡದಾಗುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ, ಒಂದು ಚೀಟಿಯಲ್ಲಿ ದಿನ, ಹೊತ್ತು ಬರೆದುಕೊಂಡು ವೈದ್ಯರ ಬಳಿಗೆ ಹೋಗೋಣ. ಊತವಿರುವಾಗಲೇ ಒತ್ತಡ ಇಳಿಸಿದರೆ ದೃಷ್ಟಿ ಉಳಿಯುವ ಆಸೆಯುಂಟು. ನರ ಬಾಡಿದ ಮೇಲೆ ಹೋದದ್ದು ಮರಳದು. ನೂರೈವತ್ತು ವರ್ಷಗಳಿಗೂ ಹಿಂದೆ ತೆರೆದ ಕಿಟಕಿ ಅದು. ಅದರೊಳಗೆ ವೈದ್ಯರು ಸಕಾಲದಲ್ಲಿ ಇಣುಕುವಂತೆ ನೋಡಿಕೊಳ್ಳುವುದು ಹೆತ್ತವರಾದ ನಮ್ಮ ಕೆಲಸ.